ನೂರೈವತ್ತರಾಗ ಒಂದು

ಖಾನಾಪುರ, ಬಸ್‌ಸ್ಟ್ಯಾಂಡ್ ಬಾಜೂ
ತಾ. ೩-೬-೧೯೭೯

ಲೇ ಕಲ್ಯಾ,

ಅಲ್ಲಲ್ಲ, ತಪ್ಪಾತು. ಮಂತ್ರಿಗಳ ವಿಜ್ಞಾನ ಸಲಹೆಗಾರ ಡಾಕ್ಟರ್ ಕಲ್ಲಯ್ಯ ಹಿರೇಮಠ ಅವರಿಗೆ, ಖಾನಾಪುರದ ಚಾದ ಅಂಗಡಿ ಭರಮಣ್ಣ ಮಾಡೂ ಶರಣಾರ್ಥಿ. ಮೂರನೇತ್ತಾಕ್ಕ ಸಾಲಿ ಬಿಟ್ಟವನ ಅಕ್ಷರ, ಇರಿವಿ ಮಸಿಯಾಗ ಬಿದ್ದು ಎದ್ದು ಹೋದಂಗ ಇರ್ತಾವ. ಸಾವಕಾಶ ಓದು.

ನಾವು ಇಲ್ಲಿ ಎಲ್ಲಾರೂ ಕ್ಷೇಮ. ಯಾವ ತಾರೀಖಿನ ತನಕ ಕ್ಷೇಮ ಅನ್ನೂದು ಮಾತ್ರ ನೀನ ಹೇಳಬೇಕು.

ಅಮೇರಿಕಾದವರು ಮ್ಯಾಲ ಆಕಾಶದಾಗ ಒಂದು ಮನಿ ಕಟ್ಟಿ ಬಿಟ್ಟಿದ್ರಂತಲ್ಲ, ಸ್ಕೈಲ್ಯಾಬ್ ಅಂತ, ಅದು ಈಗ ಕಳಚಿ ಬೀಳಾಕತ್ತೈತಂತ. ಬಾಡಿಗಿ ಕಟ್ಟಿರಲಿಕ್ಕಿಲ್ಲ. ಇಲ್ಲಿ ಬಸ್‌ಸ್ಟ್ಯಾಂಡಿನಾಗ ಬ್ಯಾರೆ ಮಾತ ಇಲ್ಲ. "ಗೋವಾ ಗುಡ್ಡದಾಗ ಕಬ್ಬಣದ ಮಣ್ಣು ಐತಿ, ಕಬ್ಬಣ ಕಬ್ಬಣಾನ್ನ ಎಳೀತೈತಿ, ಅದಕ್ಕ ಸೀದಾ ಖಾನಾಪುರದ ಮ್ಯಾಲ ಬರ್ತೈತಿ" ಅಂತ ಹೇಳಿದಂವ ಯಾರು ಗೊತ್ತೇನು? ಬೆಳಗಾಂವಿಯ ಕುರಿ ದಲಾಲಿ ಬಂಡೆಪ್ಪ. ಅವಂಗ ಇಷ್ಟು ವಿಜ್ಞಾನ ಎಲ್ಲಿಂದ ಬಂತೋ ಯಪ್ಪಾ? ನಂಗ ಅಲ್ಲೇ ಸಂಶೇ ಬಂತು.

ನನ್ನ ಹೇಣ್ತಿ ಸಾತವ್ವನ ಅಣ್ಣ ಲಕ್ಷ್ಮಪ್ಪ ಅದಾನಲ್ಲ, ಅವನ ಕುರಿ ಹಟ್ಟಿಗೆ ಹೋಗಿ ಬಂಡೆಪ್ಪ ಠಿಕಾಣಿ ಹೂಡ್ಯಾನ. "ಕಬ್ಬಣ ಬಿದ್ದ ಮ್ಯಾಲ ಚರ್ಮಾನೂ ಸಿಗೂದಿಲ್ಲ ಲಕ್ಷ್ಮಪ್ಪಾ, ಈಗ ಬಂದಷ್ಟಕ್ಕ ಕೊಟ್ಟು ವಿಜಾಪುರದ ಕಡೆ ಹೋಗಿಬಿಡು" ಅಂತಾನ. ಲಕ್ಷ್ಮಪ್ಪ ಅರ್ಧಾ ಒಪ್ಪ್ಯಾನ. ಅಂವ ಕೊಟ್ರ ಎಲ್ಲಾರೂ ಕೊಡ್ತಾರ. ಕುರಿ ಹೋದ ಮ್ಯಾಲ ಹಟ್ಟಿ ಅನ್ನೂದು ಬರೇ ಬೇಲಿ.

ಹಟ್ಟಿ ಹಿರ್ಯಾ ಸಾತಪ್ಪಜ್ಜ ನನ್ನ ಕರಸಿದ್ದ. "ನಿನ್ನ ಗೆಳ್ಯಾ ಸರ್ಕಾರದ ಕಿವ್ಯಾಗ ಮಾತಾಡಾಂವ ಅಂತಲ್ಲ, ಕೇಳು. ಅಂವ ಹೇಳಿದಂಗ ಮಾಡೂಣು" ಅಂದ. ಕಲ್ಯಾ, ನಾ ಯಾವಾಗರ "ಮಳಿ ಬಂತು" ಅಂದ್ರ ಮಂದಿ ಬಿಚ್ಚಿದ ಛತ್ರಿ ಮಡಚ್ತಿದ್ರು. ಈಗ ನನ್ನ ಮಾತಿನ ಮ್ಯಾಲ ಕುರಿ ಇಟ್ಕೊಳ್ಳೂದೋ ಮಾರೂದೋ ಅಂತ ಕುಂತಾರ. ನಂಗ ಸ್ಕೈಲ್ಯಾಬಿಗಿಂತ ಇದರ ಅಂಜಿಕಿ ಭಾಳ ಆಗೈತಿ.

ಬೀಳ್ತೈತೋ ಇಲ್ಲೋ? ಒಂದ ಮಾತಿನಾಗ ಬರಿ.

ಹೋದ ತಿಂಗಳ ಬೆಳಗಾಂವಿ ಹಿಂದವಾಡಿಗೆ ಹೋಗಿ ನಿಮ್ಮ ಅವ್ವನ್ನ ಕಂಡ ಬಂದೆ. ಗಂಗವ್ವ ಈಗ ನನ್ನಂಥಾ ಚೇಷ್ಟಿಗಾರ್ತಿ ಆಗ್ಯಾಳ. ಚಾದಾಗ ಸಕ್ರಿ ಬದ್ಲಿ ಉಪ್ಪ ಹಾಕಿ ಕೊಟ್ಲು. ನಾನೂ ಸೋಲಲಿಲ್ಲ, ಪೂರಾ ಕುಡದೆ.

ನಿನ್ನ,
ಭರಮ್ಯಾ


ಬೆಂಗಳೂರು
ತಾ. ೧೧-೬-೧೯೭೯

ಭರಮಣ್ಣಾ,

ಪತ್ರ ಮುಟ್ಟಿತು. ಕಚೇರಿ ಕೆಲಸದಾಗ ಇದ್ದವರು ಎಲ್ಲಾನೂ ಬರಿಯಾಕ ಬರೂದಿಲ್ಲ. ಆದ್ರ ಇದು ಪೇಪರಿನಾಗೂ ಬಂದ ಮಾತು, ಅದಕ್ಕ ಬರೀತೀನಿ. ಬಿದ್ದ ಚೂರು ಮನಷ್ಯಾನ್ನ ತಾಕೂ ಸಾಧ್ಯತೆ ನೂರೈವತ್ತರಾಗ ಒಂದು ಅಂತ ಅಮೇರಿಕಾದವರು ಲೆಕ್ಕ ಹಾಕ್ಯಾರ. ಅಂದ್ರ ಭಾಳ ಕಡಿಮಿ. ಖಾನಾಪುರಕ್ಕ ಅಂತ ನೋಡಿದ್ರ ಇನ್ನೂ ಕಡಿಮಿ. ಆದ್ರ "ಖಂಡಿತ ಬೀಳೂದಿಲ್ಲ" ಅಂತ ಮಾತ್ರ ನಾ ಬರಿಯಂಗಿಲ್ಲ. ಹಂಗ ಬರಿಯೂದು ನನ್ನ ವಿದ್ಯಾದಾಗ ಇಲ್ಲ.

ಕುರಿ ವಿಚಾರ ನಾ ಏನ್ ಹೇಳಲಿ? ಅದು ನಿಮ್ಮ ನಿರ್ಣಯ.

ಜುಲೈ ೧೧ಕ್ಕ ನಮ್ಮ ಮಂತ್ರಿಗಳು ಖಾನಾಪುರಕ್ಕ ನೀರಿನ ಟಾಕಿ ಉದ್ಘಾಟನಾಕ್ಕ ಬರ್ತಾರ. ನಾನೂ ಬರ್ತೀನಿ. ನಿನ್ನ ಅಂಗಡ್ಯಾಗ ಚಾ ಕುಡಿಯೂಣು.

ಅವ್ವ ಆರಾಮ ಅದಾಳ. ಸದ್ಯ ನೀ ಹಿಂದವಾಡಿ ಮನಿಗೆ ಹೋಗಬ್ಯಾಡ.

ಇಂತಿ,
ಕಲ್ಲಯ್ಯ


ಖಾನಾಪುರ
ತಾ. ೧೮-೬-೧೯೭೯

ಲೇ ಕಲ್ಯಾ,

ಏನ್ ಬರದ್ಯೋ ನೀ! ನಿನ್ನ ಪತ್ರ ಸಾತಪ್ಪಜ್ಜನ ಮುಂದ ಗಟ್ಟ್ಯಾಗಿ ಓದ್ದೆ. ಓದಿ ಮುಗಸೂದ್ರಾಗ ಹಟ್ಟಿಯಾಗ ಹೆಣ ಬಿದ್ದಂಗ ಆತು.

ನೂರೈವತ್ತರಾಗ ಒಂದು ಅಂದ್ಯಲ್ಲ, ಲಕ್ಷ್ಮಪ್ಪನ ಹಿಂಡಿನಾಗ ಎಷ್ಟು ಕುರಿ ಅದಾವ ಗೊತ್ತೇನು? ಮರಿ ಕೂಡಿ ನೂರೈವತ್ತು! ಬಾಜೂ ಮನಿಯವ್ರ ಹಿಂಡೂ ಹೆಚ್ಚು ಕಡಿಮಿ ಅಷ್ಟ. ಕುರುಬರು ಸಾವು ನೋವು ಎಣಸೂದು ಹಿಂಗ ನೋಡು. ತೋಳ ಬಂದ್ರ ಹಿಂಡಿಗೊಂದು, ಕಾಲಬ್ಯಾನಿ ಬಂದ್ರ ಹಿಂಡಿಗೆ ನಾಕು. "ಹಂಗಾರ ಇದು ಹಿಂಡಿಗೊಂದು, ಗ್ಯಾರಂಟಿ" ಅಂದ ಸಾತಪ್ಪಜ್ಜ.

ಲಕ್ಷ್ಮಪ್ಪ ಸಣ್ಣ ದನಿಲೆ ಕೇಳಿದ: "ಆ ಒಂದು, ಕುರಿಯೋ ಕುರುಬನೋ?"

ನಾ ನಿನ್ನ ಪತ್ರ ಹೊಳ್ಳಿಸಿ ಹಿಂದಿನ ಬಾಜೂ ಏನರ ಬರದೀಯೇನು ಅಂತ ನೋಡಿದೆ.

ಬಂಡೆಪ್ಪ ಅಲ್ಲೇ ಕುಂತಿದ್ದ. "ನೋಡ್ರ್ಯೋ, ನಾ ಅಲ್ಲ, ಸರ್ಕಾರದ ದೊಡ್ಡ ಡಾಕ್ಟರನ ಬರದಾನ" ಅಂತ ಎದ್ದು ನಂಗ ಕೈ ಮುಗದು ಹೋದ. ಅಂವ ನಂಗ ಕೈ ಮುಗದದ್ದು ಇದ ಪೈಲಾ ಸಲ.

ಬೀಳ್ತೈತಿ, ಇಲ್ಲಾ ಬೀಳೂದಿಲ್ಲ. ಎರಡ್ರಾಗ ಒಂದ ಬರಿ. ಹೆಣ್ಣ ನೋಡಾಕ ಬಂದವ್ರು "ಒಪ್ಪೂ ಸಾಧ್ಯತೆ ಐತಿ" ಅಂತ ಹೇಳಿ ಎದ್ದು ಹೋದ್ರ ಹೆಣ್ಣಿನ ಅಪ್ಪ ಹಂದರ ಹಾಕಬೇಕೋ ಬ್ಯಾಡೋ?

ಇನ್ನೊಂದು. ಹಿಂದವಾಡಿ ಮನಿಗೆ ಹೋಗಬ್ಯಾಡ ಅಂತ ಯಾಕ ಬರದಿ? ನಿಮ್ಮ ಅವ್ವ ನಂಗೂ ರೊಟ್ಟಿ ಬಡದು ಹಾಕ್ಯಾಳ. ಖಾನಾಪುರದಾಗ ನಿಮ್ಮ ಮನಿ ಇದ್ದಾಗ ನಿನಕಿಂತ ನಾನ ಜಾಸ್ತಿ ತಿಂದೀನಿ.

ಲಗೂನ ಬರಿ.

ಭರಮ್ಯಾ


ಖಾನಾಪುರ
ತಾ. ೨೭-೬-೧೯೭೯

ಕಲ್ಲಯ್ಯಾ,

ನಿನ್ನ ಪತ್ರದ ದಾರಿ ಕಾದು ಕಾದು ಪೋಸ್ಟ್‌ಮನ್ನಗ ಫುಕಟ ಚಾ ಕುಡಸೂದ ಆತು. ಬರಲಿಲ್ಲ. ಬ್ಯಾಡಂದ್ರೂ ನಿನ್ನೆ ಹಿಂದವಾಡಿಗೆ ಹೋದೆ. ಬಾಗಲಕ್ಕ ಕೀಲಿ. ಬಾಜೂ ಮನಿ ಕಾಂತಾಬಾಯಿ ಕಾಂಪೌಂಡಿನ ಮ್ಯಾಲಿಂದ ಹಣಿಕಿ ಹಾಕಿದ್ರು.

"ಗಂಗವ್ವ ಎಲ್ಲಿ ಹೋದ್ರರೀ?"

"ಅಹೋ, ಮಗ ಬಂದು ಬೆಂಗಳೂರಿಗೆ ಕರ್ಕೊಂಡ ಹೋದ್ನಲ್ಲ. ಮುಂಜಾನೆ ಎದ್ದು ನೋಡ್ತೀನಿ, ಟ್ಯಾಕ್ಸಿ ನಿಂತೈತಿ. ಯಾರಿಗೂ ಹೇಳಬ್ಯಾಡ್ರಿ ಅಂದ್ರು. ಪಾಪ, ಅಕಿ ಕಣ್ಣಿಗೆ ಸೆರಗ ಹಿಡ್ಕೊಂಡ ಹತ್ತಿದ್ಲು."

ಬೆಳಗಾಂವಿ ತನಕ ಬಂದಿ. ಖಾನಾಪುರಕ್ಕ ಬರಲಿಲ್ಲ. ಅಳೂ ಅವ್ವನ್ನ ಎತ್ತಿ ಹಾಕ್ಕೊಂಡು, ಊರಿಗೆ ಸುದ್ದಿ ಆಗದಂಗ ಹೋದಿ. ನಾ ಯಾರಿಗೂ ಹೇಳಿಲ್ಲ. ಆದ್ರ ಕಾಂತಾಬಾಯಿ ಬಾಯಿಗೆ ನಾ ಕೀಲಿ ಹಾಕಲೇನು? ನಾ ಬಸ್ ಇಳಿಯೂದ್ರಾಗ ಸುದ್ದಿ ನನ್ನಕಿಂತ ಮೊದಲ ಇಳದಿತ್ತು. "ಸಲಹೆಗಾರ ತನ್ನ ಅವ್ವಗ ಮೊದಲ ಸಲಹೆ ಕೊಟ್ಟಾನ" ಅಂತ ನಗಾಕತ್ತಾರ. ಬಸ್‌ಸ್ಟ್ಯಾಂಡಿನಾಗ ಬ್ಯಾರೇದವ್ರ ಚೇಷ್ಟಿಗೆ ನಂಗ ನಗು ಬರಲಿಲ್ಲ, ಇದ ಪೈಲಾ ಸಲ.

ಪೇಪರಿನಾಗ ಸರ್ಕಾರದ ಪ್ರಕಟಣೆ ಬಂದೈತಿ. "ಯಾವುದೇ ಅಪಾಯವಿಲ್ಲ, ಸಾರ್ವಜನಿಕರು ಭಯಪಡಬೇಕಾಗಿಲ್ಲ." ಕೆಳಗ ಯಾವನೋ ಕಾರ್ಯದರ್ಶಿ ಹೆಸರು. ನಿನ್ನ ಹೆಸರು ಎಲ್ಲೈತಿ? ಕಾಗದ ತಿರುವ್ಯಾಡಿ ನೋಡಿದೆ, ಸೋಪಿನ ಜಾಹೀರಾತಿನ ಸುದ್ದಾ ನೋಡಿದೆ. ಮಾತು ಖರೇ ಇದ್ದಿದ್ರ ನೀ ಯಾಕ ಹೆಸರ ಕೊಡಲಿಲ್ಲ?

ಈ ಪಾಕೀಟಿನಾಗ ಸಣ್ಣ ಪೊಟ್ಟಣ ಐತಿ. ಬೀರದೇವರ ಗುಡಿ ಅರಿಷಿಣ, ಭಂಡಾರ. ಭಂಡಾರ ಹಿಡದು ಯಾರೂ ಸುಳ್ಳ ಹೇಳೂದಿಲ್ಲ, ನಿಂಗ ಗೊತ್ತೈತಿ. ಬಲಗೈಯಾಗ ಹಿಡದು "ಬೀಳೂದಿಲ್ಲ" ಅನ್ನು, ಹಣಿಗೆ ಹಚ್ಚಿದೆ ಅಂತ ಬರದು ಕಳಸು. ಸಾತಪ್ಪಜ್ಜನ ಕೊಟ್ಟ ಕಳಸ್ಯಾನ. ಮಠದ ಅಯ್ಯಾರ ಆಗಿ ಕುರುಬರ ಭಂಡಾರ ಹೆಂಗ ಹಿಡೀಲಿ ಅನಬ್ಯಾಡ. ಸಾಲ್ಯಾಗಿದ್ದಾಗ ನನ್ನ ಕೂಡ ಎಷ್ಟ ಸಲ ಹಿಡದಿ. ಮಾಸ್ತರ್ರ ಮಾವಿನಕಾಯಿ ಕದ್ದಾಗ ಮಾತ್ರ ಹಿಡೀಲಿಲ್ಲ.

ಭರಮಣ್ಣ


ಬೆಂಗಳೂರು
ತಾ. ೨-೭-೧೯೭೯

ಭರಮಣ್ಣನಿಗೆ,

ಪೊಟ್ಟಣ ಬಿಚ್ಚಿಲ್ಲ. ಹಂಗ ವಾಪಸ್ ಕಳಸೀನಿ. ನನ್ನ ಕೈಲೆ ಆಗೂದಿಲ್ಲ.

ಅವ್ವನ ವಿಷಯ ಮನಿ ವಿಷಯ. ಪ್ರಕಟಣೆ ವಿಷಯ ಕಚೇರಿ ವಿಷಯ. ೧೧ಕ್ಕ ಬಂದಾಗ ಎದುರಾಎದುರ ಮಾತಾಡೂಣು.

ಕಲ್ಲಯ್ಯ


ಖಾನಾಪುರ
ತಾ. ೫-೭-೧೯೭೯

ಮಂತ್ರಿಗಳ ಸಲಹೆಗಾರರಾದ ಹಿರೇಮಠ ಸಾಹೇಬರಿಗೆ,

ನೀವು ಕಳಿಸಿದ ಪೊಟ್ಟಣ ಮುಟ್ಟಿತ್ರಿ. ಸಾತಪ್ಪಜ್ಜ ಅದನ್ನ ಹೊಳ್ಳಿ ಹೊಳ್ಳಿ ನೋಡಿ, ಕಟ್ಟಿದ ದಾರಾ ಸೈತ ಬಿಚ್ಚಿಲ್ಲ ಅಂತ ಹೇಳಿ, ಸುಮ್ಮನ ನನ್ನ ಕೈಯಾಗ ಇಟ್ಟ. ಬೈದಿದ್ರ ಛಲೋ ಇತ್ತು.

ಮಂತ್ರಿಗಳು ಬರೂದು ರದ್ದಾತಂತಲ್ರಿ. ನಿನ್ನೆ ಟಾಕಿ ಮುಂದಿನ ಹಂದರದ ಬಿದಿರು ಬಿಚ್ಚಿ ಒಯ್ದ್ರು. ರೇಡಿಯೋದಾಗ ಏನ್ ಹೇಳ್ತಾರ? ಹನ್ನೊಂದರ ಆಜೂಬಾಜೂ ಬೀಳ್ತೈತಿ ಅಂತ. ಅದ ಹನ್ನೊಂದಕ್ಕ ಮಂತ್ರಿ ಬರೂದಿಲ್ಲ, ಸಲಹೆಗಾರ ಬರೂದಿಲ್ಲ. ಅವ್ವ ಬೆಂಗಳೂರಾಗ. ಪ್ರಕಟಣ್ಯಾಗ ಹೆಸರಿಲ್ಲ. ಭಂಡಾರ ವಾಪಸ್. ಇದರ ಅರ್ಧಾ ಸಾಕ್ಷಿ ಸಿಕ್ಕ್ರ ಮನಷ್ಯಾನ್ನ ಹಿಂಡಲಗಾ ಜೇಲಿಗೆ ಕಳಸ್ತಾರ್ರಿ.

ಬಂಡೆಪ್ಪನ ಲಾರಿ ಮಂಗಳವಾರ ಬರ್ತೈತಿ, ಹತ್ತನೇ ತಾರೀಖು. ಲಕ್ಷ್ಮಪ್ಪ ಹೂಂ ಅಂದಾನ. ಸಾತವ್ವಗ ತವರಿನಿಂದ ಬಂದ ಕುರೀನೂ ಆ ಹಿಂಡಿನಾಗ ಅದಾವ. ನಾ ಅಕಿನ್ನ ನಗಸಾಕ ಹೋದೆ. ಅಕಿ ಹೇಳಿದ್ಲು: "ಇಷ್ಟ ವರ್ಷಕ್ಕ ಮಂದಿ ಒಮ್ಮೆ ನಿನ್ನ ಮಾತ ನಂಬ್ಯಾರ. ಈಗರ ಹಲ್ಲ ಕಿರಿಯೂದ ಬಿಡು."

ನೀವು ಒಬ್ಬರ ಬಚಾವಾದ್ರಿ. ಛಲೋ ಆತು.

ಚಾದ ಅಂಗಡಿ ಭರಮಣ್ಣ


ಬೆಂಗಳೂರು
ತಾ. ೭-೭-೧೯೭೯
ಎಕ್ಸ್‌ಪ್ರೆಸ್ ಡಿಲಿವರಿ

ಭರಮ್ಯಾ,

ನಿನ್ನ ಪತ್ರ ಈಗ ಬಂತು. ಮಂಗಳವಾರದೊಳಗ ಇದು ನಿಂಗ ಮುಟ್ಟಲಿ ಅಂತ ಬಸವಣ್ಣನ್ನ ನೆನಸಿ ಪೋಸ್ಟಿಗೆ ಓಡಾಕತ್ತೀನಿ.

ಅವ್ವನ ಎರಡೂ ಕಣ್ಣಿಗೆ ಪೊರಿ ಬಂದೈತಿ. ಚಾದಾಗ ಉಪ್ಪ ಹಾಕಿದ್ದು ಚೇಷ್ಟಿ ಅಲ್ಲೋ, ಅಕಿಗೆ ಡಬ್ಬಿ ಕಂಡಿದ್ದಿಲ್ಲ. ಇಲ್ಲಿ ಆಪರೇಶನ್ ಮಾಡಸೀನಿ, ನಾಳೆ ಬಲಗಣ್ಣಿನ ಪಟ್ಟಿ ಬಿಚ್ತಾರ. "ನಾ ಕುರುಡಿ ಆಗೀನಿ ಅಂತ ಊರಿಗೆ ತಿಳೀಬಾರ್ದು. ಭರಮ್ಯಾಗ ಅಂತೂ ಹೇಳಬ್ಯಾಡ, ಬಸ್‌ಸ್ಟ್ಯಾಂಡಿನಾಗ ನಿಂತು ಮಂದೀನ್ನ ನಗಸ್ತಾನ" ಅಂತ ನನ್ನ ಕಡೆ ಮಾತ ತೊಗೊಂಡಿದ್ಲು. ಇವತ್ತ ಆ ಮಾತ ಮುರದೀನಿ.

ಪ್ರಕಟಣೆ ವಿಷಯಾನೂ ಹೇಳಬಾರ್ದು, ಹೇಳ್ತೀನಿ. ಮಂತ್ರಿಗಳು ಕೇಳಿದ್ರು, ನಾ ಎರಡು ಪುಟ ಬರದು ಕೊಟ್ಟೆ. ಅಪಾಯ ಭಾಳ ಕಡಿಮಿ, ಇಲ್ಲವೇ ಇಲ್ಲ ಅನ್ನಾಕ ಬರೂದಿಲ್ಲ, ಬಿದ್ರ ಏನ್ ಮಾಡಬೇಕು ಅನ್ನೂದನ್ನ ಮಂದಿಗೆ ಹೇಳ್ರಿ, ಅಂತ. ಕಾರ್ಯದರ್ಶಿ ಹೇಳಿದ, "ಸಾಹೇಬರಿಗೆ ಪುರಾಣ ಬೇಡ ಡಾಕ್ಟ್ರೇ, ಒಂದು ಸಾಲು ಸಾಕು." ಕತ್ತರಿಸಿ ಕತ್ತರಿಸಿ "ಯಾವುದೇ ಅಪಾಯವಿಲ್ಲ" ಅನ್ನೂದು ಉಳಿಸಿ, ಸಹಿ ಮಾಡ್ರಿ ಅಂದ. ನಾ ಮಾಡಲಿಲ್ಲ. ನನ್ನ ಹೆಸರ ಇಲ್ಲದ್ದಕ್ಕ ನೀವೆಲ್ಲಾ ಅಂಜಿದ್ರಿ ಅಂತ ಈಗ ತಿಳದು ತಲಿ ಕೆಟ್ಟು ಹೋಗೈತಿ.

ಪ್ರವಾಸದ್ದು ಕೇಳು. "ನೀವು ಆ ದಿನಾ ಖಾನಾಪುರಕ್ಕ ಹೋಗಿ ಬಯಲಾಗ ಕುಂತು ಚಾ ಕುಡೀರಿ, ಅದ ದೊಡ್ಡ ಪ್ರಕಟಣೆ" ಅಂತ ನಾನ ಸಲಹೆ ಕೊಟ್ಟಿದ್ದೆ. ಮಂತ್ರಿಗಳು ಹೂಂ ಅಂದ್ರು. ಮರುದಿನ ಮನ್ಯಾಗ ಶಾಂತಿ ಮಾಡಸ್ತೀವಿ ಅಂತ ಪ್ರವಾಸ ರದ್ದು ಮಾಡಿದ್ರು. ಹೇಳೂದು ನನ್ನ ಕೆಲಸ, ಕೇಳೂದು ಅವರ ಮರ್ಜಿ. ನಂಗೂ ಹೆಡ್‌ಕ್ವಾರ್ಟರ್ಸ್ ಬಿಟ್ಟು ಹೋಗಬ್ಯಾಡ ಅಂತ ಹುಕುಂ ಆಗೈತಿ.

ನೂರೈವತ್ತರಾಗ ಒಂದು ಅಂದ್ರ ಹಿಂಡಿಗೊಂದಲ್ಲೋ ಮಾರಾಯಾ! ಇಂಥಾವ ನೂರೈವತ್ತು ಸ್ಕೈಲ್ಯಾಬ್ ಬಿದ್ರ, ಅದರಾಗ ಯಾವುದೋ ಒಂದು ಬಿದ್ದಾಗ, ಇಡೀ ಭೂಮಿ ಮ್ಯಾಲ ಎಲ್ಲ್ಯೋ ಒಬ್ಬಗ ಪೆಟ್ಟಾದೀತು. ಅಷ್ಟ.

ಮಂತ್ರಿ ಕೇಳಿದ್ದೂ ನೀ ಕೇಳಿದ್ದೂ ಒಂದ ಮಾತು. ಇಬ್ಬರಿಗೂ ನಾ ಕೊಡಲಿಲ್ಲ. ಗೊತ್ತಿಲ್ಲದ್ದಕ್ಕ ಭಂಡಾರ ಹಿಡಿಯೂದು ಸುಳ್ಳ ಆಣಿ. ಆದ್ರ "ಅದು ನಿಮ್ಮ ನಿರ್ಣಯ" ಅಂತ ಬರದದ್ದು ಸಲಹೆಗಾರನ ಮಾತಾಗಿತ್ತು. ಗೆಳ್ಯಾನ ಮಾತು ಇದು: ಕುರಿ ಮಾರಬ್ಯಾಡ್ರಿ. ಆಣಿ ಮಾತ್ರ ಮಾಡೂದಿಲ್ಲ.

ನಿನ್ನ,
ಕಲ್ಯಾ


ಖಾನಾಪುರ
ತಾ. ೧೩-೭-೧೯೭೯

ಲೇ ಕಲ್ಯಾ,

ಜೀವಂತ ಅದೀನಿ. ಅಕ್ಷರ ನೋಡಿ ಗುರ್ತು ಸಿಕ್ಕಿರಬೇಕು.

ನಿನ್ನ ಪತ್ರಾನೂ ಬಂಡೆಪ್ಪನ ಲಾರೀನೂ ಕೂಡೇ ಬಂದ್ವು. ಪತ್ರ ಅಂಗಿ ಕಿಸೇದಾಗ ತುರುಕ್ಕೊಂಡು ಆ ಲಾರಿಯಾಗ ಹತ್ತಿ ಹಟ್ಟಿಗೆ ಹೋದೆ, ಬಂಡೆಪ್ಪನ ತೊಡಿ ಬಾಜೂ ಕುಂತು. ಅವಂಗ ಗೊತ್ತಿಲ್ಲ, ದಾರಿ ತುಂಬ ನಗಸಿಕೋಂತ ಹೋದೆ.

ಹಟ್ಟಿಯಾಗ ಕುರಿ ಆಗಲೇ ಹೊರಗ ತಂದಿದ್ರು. ನಾ ಪತ್ರ ಓದ್ದೆ. ಅವ್ವನ ಕಣ್ಣಿನ ಭಾಗ ಮಾತ್ರ ನುಂಗಿದೆ, "ದವಾಖಾನಿ ಕೆಲಸಕ್ಕ ಹೋಗ್ಯಾಳ" ಅಂದೆ ಅಷ್ಟ. ನೂರೈವತ್ತರ ಲೆಕ್ಕ ನೀ ಬರದಂಗ ಬಿಡಿಸಿ ಹೇಳಿದೆ, ಇಂಥಾವ ನೂರೈವತ್ತು ಬಿದ್ರ ಅಂತ. ಲಕ್ಷ್ಮಪ್ಪ ಎದಿ ಮ್ಯಾಲ ಕೈ ಇಟ್ಕೊಂಡು ಕೇಳಿದ: "ಉಳದ ನೂರಾ ನಲವತ್ತೊಂಬತ್ತು ಯಾವಾಗ ಬೀಳ್ತಾವ?"

ನಿನ್ನ ವಿಜ್ಞಾನಕ್ಕ ಅಲ್ಲೇ ಮಣ್ಣ ಕೊಟ್ಟೆ.

ಸಾತಪ್ಪಜ್ಜ ಅದ ಪೊಟ್ಟಣ ಬಿಚ್ಚಿ ನನ್ನ ಅಂಗೈಯಾಗ ಭಂಡಾರ ಸುರುವಿದ. "ಅಂವ ದೂರ ಅದಾನ. ನೀ ನಮ್ಮಾಂವ. ಬೀಳೂದಿಲ್ಲ ಅಂತ ನೀ ಆಣಿ ಮಾಡು" ಅಂದ. ಎಲ್ಲಾರೂ ನನ್ನ ಬಾಯಿ ನೋಡಾಕತ್ರು. ಕಲ್ಯಾ, ನಾ ಹುಟ್ಟಿದಾಗಿಂದ ಬಾಯಿಗೆ ಬಂದದ್ದ ಅಂದಾಂವ. ಆವಾಗ ಬಾಯಿ ಬರಲಿಲ್ಲ. ನೀ ಪೊಟ್ಟಣ ಯಾಕ ಬಿಚ್ಚಲಿಲ್ಲ ಅನ್ನೂದು ನನ್ನ ಅಂಗೈಗೆ ತಿಳೀತು.

"ನೋಡ್ರ್ಯೋ, ಇವಂಗೂ ಗೊತ್ತಿಲ್ಲ!" ಅಂದ ಬಂಡೆಪ್ಪ.

"ಖರೇನ ಗೊತ್ತಿಲ್ಲ" ಅಂದೆ. "ಆದ್ರ ಅಜ್ಜಾ, ಹಿಂಡಿಗೊಂದು ಅಂತ ನೀನ ಅಂದಿದ್ದಿ. ಆತು, ಹಂಗ ಅನ್ನೂಣು. ಒಂದು ಹೋಗ್ತೈತಿ ಅಂತ ಅಂಜಿ ನೂರಾ ನಲವತ್ತೊಂಬತ್ತ ಕೊಡಾಂವ ಯಾವ ಕುರುಬ? ತೋಳ ಬಂತು ಅಂತ ಹಿಂಡ ಮಾರಿದ್ದು ನಿಮ್ಮಪ್ಪನ ಕಾಲದಾಗ ಕೇಳಿಯೇನು?"

ಸಾತಪ್ಪಜ್ಜನ ಹೊಟ್ಟಿ ಅಳ್ಳಾಡಿತು. ನಗು!

"ಒಂದು ಟಗರ ಗುಡ್ಡದ ಮ್ಯಾಲ ಕಟ್ರಿ" ಅಂದೆ. "ಆಕಾಶಕ್ಕ ಬೇಕಾದ್ರ ಅದನ್ನ ಒಯ್ಯಲಿ. ಅದರ ಬಾಜೂ ನಾ ಕುಂದರ್ತೀನಿ. ಬಂಡೆಪ್ಪಾ, ನೀ ಎಲ್ಲಿ ಕುಂದರ್ತಿ?"

ಲಾರಿ ಖಾಲಿ ಹೋತು.

ಹನ್ನೊಂದನೇ ತಾರೀಖಿಗೆ ಮುಂಜಾನಿಂದ ಕಂಬಳಿ ಹೊಚ್ಕೊಂಡು ಮಳ್ಯಾಗ ಕುಂತೆ. ಟಗರಿನ ಹಣಿ ಮ್ಯಾಲ ಭಂಡಾರ, ನನ್ನ ಹಣಿ ಮ್ಯಾಲ ನೀರು. ಸಂಜಿಗೆ ಸಾತವ್ವ ರೊಟ್ಟಿ ತಂದ್ಲು. "ನೀ ಸತ್ರ ಅಂಗಡಿ ಯಾರ ನೋಡ್ಕೋಬೇಕು?" ಅಂತ ಬೈದು, ಹೊಳ್ಳಿ ಹೋಗದ ಅಲ್ಲೇ ಕಂಬಳಿ ಒಳಗ ಕುಂತ್ಲು. ಮದುವ್ಯಾದಾಗಿಂದ ಅಷ್ಟ ಹೊತ್ತು ಇಬ್ಬರೂ ಒಂದ ಕಡೆ ಕುಂತದ್ದ ಇಲ್ಲ. ಮರುದಿನ ಧಾರವಾಡ ರೇಡಿಯೋದಾಗ ಬಂತು, ಸಮುದ್ರದಾಗ ಒಂದಿಷ್ಟು, ಆಸ್ಟ್ರೇಲಿಯಾದಾಗ ಒಂದಿಷ್ಟು ಬಿತ್ತಂತ. ನಮ್ಮ ಕಡೆ ನುಕ್ಸಾನ ಆದದ್ದು ನನ್ನ ಕಂಬಳಿ ಒಂದ. ಅಂಚು ಟಗರ ತಿಂದೈತಿ.

ಒಂದ ಮಾತ ಮಾತ್ರ ಎದ್ಯಾಗ ಕುಂತೈತಿ. ಟಗರ ಕಟ್ಟಿದ್ದಕ್ಕ ಆಕಾಶ ನಮ್ಮನ್ನ ಬಿಡ್ತು ಅಂತ ಹಟ್ಟಿಯವ್ರು ತಿಳ್ಕೊಂಡಾರ. ನಾ ತಿದ್ದಲಿಲ್ಲ. ಕಾರ್ಯದರ್ಶಿ ನಿನ್ನ ಎರಡ ಪುಟ ಕತ್ತರಿಸಿದ. ನಾನೂ ಅದನ್ನ ಮಾಡಿದ್ನೇನು? ನೀ ಸಲಹೆ ಕೊಡು.

ಅವ್ವಗ ಹೇಳು, ಉಪ್ಪಿನ ಚಾದ ಸುದ್ದಿ ನಾ ಯಾರ ಮುಂದೂ ಬಿಚ್ಚೂದಿಲ್ಲ. ನಗಸಬಾರದ್ದು ಯಾವುದು ಅಂತ ನಂಗೂ ಅಷ್ಟಿಷ್ಟು ತಿಳೀತೈತಿ. ನಿನ್ನ ಮ್ಯಾಲ ಸಂಶೇ ಪಟ್ಟದ್ದಕ್ಕ ಏನ್ ಬರೀಬೇಕು ಗೊತ್ತಾಗವಲ್ದು. ಬಂದಾಗ ಎರಡ ಬಡಿ.

ಭರಮ್ಯಾ


ಬೆಂಗಳೂರು
ತಾ. ೨೪-೭-೧೯೭೯

ಭರಮ್ಯಾ,

ನಿನ್ನ ಪತ್ರ ಅವ್ವಗ ಓದಿ ಹೇಳಾಕ ಹೋದೆ. "ತಾ ಇಲ್ಲಿ" ಅಂತ ಕಸಗೊಂಡು, ಬಲಗಣ್ಣಿಗೆ ಹತ್ರ ಹಿಡದು ತಾನ ಓದಿದ್ಲು. "ಇವನ ಅಕ್ಷರ ಮೊದಲಿನಕಿಂತ ಹೊಲಸ ಆಗ್ಯಾವ" ಅಂದ್ಲು. ಆಮ್ಯಾಲ ಉಪ್ಪಿನ ಚಾದ ಸಾಲು ಹೊಳ್ಳಿ ಓದಿದ್ಲು.

ನನ್ನನ್ನ ಸಲಹೆಗಾರನ ಕೆಲಸದಿಂದ ತಗದ್ರು. ಪ್ರಕಟಣೆ ಖರೇ ಆತಲ್ಲ, ಅಪಾಯ ಇಲ್ಲ ಅಂದ್ರು, ಆಗಲಿಲ್ಲ. ಸಹಿ ಮಾಡದಂವ ಪುಕ್ಕಲ ಅಂತ ಆತು. ಹೊಸಾ ಸಲಹೆಗಾರ ಬಂದಾನ. ಕಿಸೇದಾಗ ಪೆನ್ನು ಬಿಚ್ಚೇ ಇಟ್ಕೊಂಡಿರ್ತಾನ. ನಂಗ ಬೆಳಗಾಂವಿ ಕಾಲೇಜಿನಾಗ ಮೊದಲಿನ ಮಾಸ್ತರಿಕಿ ಕೊಟ್ಟಾರ. ಮುಂದಿನ ವಾರ ಅವ್ವನ್ನ ಕರ್ಕೊಂಡು ಹಿಂದವಾಡಿಗೆ ಬರ್ತೀನಿ.

ಸಲಹೆ ಕೇಳಿದಿ. ಕುರಿ ಉಳಿಸಿದಿ, ಅದು ನನ್ನ ಕೈಲೆ ಆಗಲಿಲ್ಲ. ಆದ್ರ ತಿದ್ದಬೇಕೋ ಭರಮ್ಯಾ. ಮುಂದ ಒಂದು ದಿನಾ ಖರೇನ ಏನರ ಬರೂದಿತ್ತಂದ್ರ, ಅವ್ರು ಒಂದು ಟಗರ ಕಟ್ಟಿ ಸುಮ್ಮನ ಕುಂದರ್ತಾರ.

ಕಲ್ಯಾ


ಖಾನಾಪುರ
ತಾ. ೩೦-೭-೧೯೭೯

ಲೇ ಕಲ್ಯಾ,

ನೀ ಅಂದಂಗ ಹಟ್ಟಿಗೆ ಹೋಗಿ ತಿದ್ದಿದೆ. ಟಗರಿಗೂ ಅದಕ್ಕೂ ಸಂಬಂಧ ಇಲ್ಲ, ಕಟ್ಟಿರಲಿಲ್ಲ ಅಂದ್ರೂ ಬೀಳ್ತಿದ್ದಿಲ್ಲ, ನಾ ಅಂದದ್ದು ಆ ಹೊತ್ತಿಗೆ ನಿಮ್ಮನ್ನ ತಡಿಯಾಕ, ಅಂತ ಒಂದೊಂದ ಬಿಡಿಸಿ ಹೇಳಿದೆ. ಎಲ್ಲಾರೂ ಕಿವಿಗೊಟ್ಟು ಕೇಳಿದ್ರು. ಕೇಳಿ ಸಾತಪ್ಪಜ್ಜ ತೊಡಿ ಬಡಕೊಂಡು ನಕ್ಕ. "ಹೊಳ್ಳಿ ಚೇಷ್ಟಿ ಚಾಲೂ ಮಾಡಿದ ನೋಡ್ರಿ ಇಂವ!" ಅಂದ. ಇಡೀ ಹಟ್ಟಿ ನಕ್ಕಿತು. ಅಂದ್ರ ನನ್ನ ಸಲಹೆಗಾರಿಕೀನೂ ಹೋತಪ್ಪಾ. ಮಂದಿ ಮತ್ತ ಛತ್ರಿ ಮಡಚ್ಯಾರ.

ನೀ ಬಾ. ಇಬ್ಬರೂ ಕೂಡಿ ಹೋಗಿ ಹೇಳೂಣು. ನಾ ನಗಸ್ತೀನಿ, ನಕ್ಕು ಸುಮ್ಮನಾದ ಮ್ಯಾಲ ನೀ ಖರೇ ಹೇಳು. ಒಮ್ಮೆಗೇ ತಿಳೀಲಿಕ್ಕಿಲ್ಲ. ದಿನಾ ಬಸ್ ಅದಾವ, ಹೋಗಿಕೋಂತ ಇರೂಣು. ಅವ್ವನ್ನೂ ಕರ್ಕೊಂಡ ಬಾ. ಡಬ್ಬಿ ನೋಡಿ ಅಕಿನ ಸಕ್ರಿ ಹಾಕಲಿ.

ಆ ಟಗರಿಗೆ ಹಟ್ಟಿಯವ್ರು ಹೆಸರ ಇಟ್ಟಾರ, ಸಲಹೆಗಾರ ಅಂತ. ಏನ್ ಕೇಳಿದ್ರೂ ಹೂಂ ಅನ್ನೂದಿಲ್ಲ, ಊಹೂಂ ಅನ್ನೂದಿಲ್ಲ, ಮಳ್ಯಾಗೂ ಕಟ್ಟಿದ ಜಾಗಾ ಬಿಟ್ಟು ಸರೀಲಿಲ್ಲ. ಮೊನ್ನೆ ಬಂಡೆಪ್ಪ ಬಂದು ಅದನ್ನ ಕೇಳಿದ, ಹೇಳಿದಷ್ಟ ಕೊಡ್ತೀನಿ ಅಂದ.

ಸಾತಪ್ಪಜ್ಜ ಅಂದ, "ಉಳದಾವ ಬೇಕಾದ್ರ ನೋಡಪಾ. ಸಲಹೆಗಾರನ್ನ ನಾವು ಮಾರೂದಿಲ್ಲ."

ನಿನ್ನ,
ಭರಮ್ಯಾ